ಶಿಕ್ಷಕರನ್ನಲ್ಲ, ಪೀರಿಯಡ್‌ಗಳನ್ನು ಎಣಿಸಿ

ಮಾನ್ಯ ಸಂಪಾದಕರೇ,

ಶಿಕ್ಷಕರ ಹುದ್ದೆ ಎಷ್ಟು ಖಾಲಿ ಇವೆ ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆದರೆ ಹುದ್ದೆ ಭರ್ತಿಯಾಗಿದ್ದೂ ಜೀವಶಾಸ್ತ್ರ ಓದಿದವರು ಗಣಿತಕ್ಕೆ, ಭಾಷಾ ಶಿಕ್ಷಕರು ಇತಿಹಾಸಕ್ಕೆ ಹೋಗುತ್ತಿದ್ದರೆ ಅದು ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಇದರ ಮೇಲೆ ಪಿಎಚ್‌.ಡಿ. ಮಾಡುವವರೂ ಮೊದಲ ಹೆಜ್ಜೆಯಲ್ಲೇ ಎಡವುವುದುಂಟು. ಪೀರಿಯಡ್ ಎಣಿಸುವ ಬದಲು ಶಿಕ್ಷಕರನ್ನು ಎಣಿಸಿಬಿಡುತ್ತಾರೆ.

ವಾರಕ್ಕೆ 28 ಪೀರಿಯಡ್ ಇರುವ ಗಣಿತ ಶಿಕ್ಷಕರು ಅದರಲ್ಲಿ 6 ಭೂಗೋಳಕ್ಕೆ ತೆಗೆದುಕೊಳ್ಳುತ್ತಾರೆ ಎನ್ನೋಣ. ‘ನಿಮ್ಮ ಮುಖ್ಯ ವಿಷಯ ಯಾವುದು?’ ಎಂದರೆ ಗಣಿತ ಎನ್ನುತ್ತಾರೆ. ಅಲ್ಲಿಗೆ ಆ 6 ಪೀರಿಯಡ್ ಲೆಕ್ಕದಿಂದ ಮಾಯ. ‘ಅರ್ಹತೆ ಇಲ್ಲದ ವಿಷಯ ಬೋಧಿಸುತ್ತೀರಾ?’ ಎಂದು ನೇರವಾಗಿ ಕೇಳಿದರೂ ನಿಜವಾದ ಉತ್ತರ ಸಿಗುವುದು ಕಷ್ಟ. ‘ಕಳೆದ ವಾರ ಯಾವ ತರಗತಿಗೆ ಯಾವ ವಿಷಯ, ಎಷ್ಟು ಪೀರಿಯಡ್?’ ಎಂದಷ್ಟೇ ಕೇಳಿ. ವರ್ಷಾರಂಭದ ವೇಳಾಪಟ್ಟಿಯೊಂದನ್ನೇ ನೆಚ್ಚಬೇಡಿ. ರಜೆ, ವರ್ಗಾವಣೆಗಳ ನಂತರ ನಡುವರ್ಷದಲ್ಲಿ ಅದು ಬೇರೆಯೇ ಆಗಿರುತ್ತದೆ. ಪದವಿಯಲ್ಲಿ ಓದಿದ ವಿಷಯ, ತರಬೇತಿ ಪಡೆದ ವಿಷಯ, ಆ ವಿಷಯ ಬೋಧಿಸಿದ ವರ್ಷಗಳು, ಈ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ. ಪದವಿ ಇಲ್ಲದೆಯೂ ಹತ್ತು ವರ್ಷ ಬೋಧಿಸಿ ವಿಷಯವನ್ನು ಕೈವಶ ಮಾಡಿಕೊಂಡವರನ್ನು ಹೊಸಬರ ಜೊತೆ ಒಂದೇ ಗುಂಪಿಗೆ ಹಾಕುವುದು ಅನ್ಯಾಯ.

ಇನ್ನು ವಿಷಯ ಓದಿದವರ ಮತ್ತು ಓದದವರ ತರಗತಿಗಳಲ್ಲಿ ಮಕ್ಕಳು ಪಡೆದ ಅಂಕಗಳ ಹೋಲಿಕೆ. ಹೊಸ ಶಿಕ್ಷಕರಿಗೆ, ಕೆಳಗಿನ ತರಗತಿಗಳಿಗೆ, ಹಿಂದುಳಿದ ಸೆಕ್ಷನ್‌ಗಳಿಗೆ ಇಂಥ ಹಂಚಿಕೆ ಹೆಚ್ಚಾಗಿ ಬೀಳುವುದರಿಂದ, ಕಡಿಮೆ ಅಂಕಕ್ಕೆ ಶಿಕ್ಷಕರ ಪದವಿಯೇ ಕಾರಣ ಎನ್ನಲಾಗದು. ಒಬ್ಬರೇ ಶಿಕ್ಷಕರನ್ನು ಅವರ ಸ್ವಂತ ವಿಷಯದಲ್ಲೂ ಹೊರಗಿನ ವಿಷಯದಲ್ಲೂ ನೋಡುವುದು ಇದಕ್ಕಿಂತ ಎಷ್ಟೋ ಮೇಲು. ಸ್ವಭಾವ, ಶಿಸ್ತು, ಶಾಲೆ ಎಲ್ಲವೂ ಅವೇ. ಬದಲಾಗುವುದು ಮುಖ್ಯವಾಗಿ ವಿಷಯ.

ತರಗತಿಯಲ್ಲಿ ಕೂತು ನೋಡಬೇಕಾದದ್ದು ಏನನ್ನು? ಒಂದರ ನಂತರ ಒಂದನ್ನು ಜೋಡಿಸಿದ ಸರಣಿ ಮಂಡಲದಲ್ಲಿ ಎರಡು ಬಲ್ಬ್‌ಗಳಿವೆ ಎನ್ನೋಣ. ಮೊದಲ ಬಲ್ಬ್ ಸ್ವಲ್ಪ ವಿದ್ಯುತ್ ಪ್ರವಾಹವನ್ನು ‘ತಿಂದು’ ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ಭೌತಶಾಸ್ತ್ರ ಓದದ ಶಿಕ್ಷಕರು ಓಮ್‌ನ ನಿಯಮದ ಲೆಕ್ಕವನ್ನು ತಪ್ಪಿಲ್ಲದೆ ಮಾಡಿಸಬಲ್ಲರು. ಆದರೆ ಈ ನಂಬಿಕೆ ಮಗುವಿನ ತಲೆಯಲ್ಲಿದೆ ಎಂಬ ಅಂದಾಜೇ ಇಲ್ಲದಿದ್ದರೆ, ಎರಡೂ ಬಲ್ಬ್‌ಗಳ ಆಚೆ ಈಚೆ ಪ್ರವಾಹ ಅಳೆಯುವ ಆಮ್ಮೀಟರ್ ಇಟ್ಟು ಒಂದೇ ಅಳತೆ ಬರುವುದನ್ನು ತೋರಿಸಬೇಕೆಂದು ಅವರಿಗೆ ಹೊಳೆಯುವುದಿಲ್ಲ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ ವಿಷಯಜ್ಞಾನದಿಂದ ಬೇರ್ಪಡಿಸಿ ತೋರಿಸಿದ್ದು ಇದನ್ನೇ: ಒಂದು ವಿಷಯ ಕಲಿಯುವವರಿಗೆ ಎಲ್ಲಿ ತೊಡಕಾಗುತ್ತದೆ ಎಂಬ ಅರಿವು. ಹಾಗಾಗಿ ಯಾವ ಪ್ರಶ್ನೆ ‘ನಾಳೆ ನೋಡೋಣ’ ಎಂದು ಮುಂದೆ ಹೋಯಿತು, ಯಾವ ಪ್ರಯೋಗ ಬಿಟ್ಟುಹೋಯಿತು, ತಪ್ಪು ಉತ್ತರ ಬಂದಾಗ ಕಾರಣ ಕೆದಕಿದರೋ ಸರಿಯುತ್ತರ ಹೇಳಿ ಮುಂದೆ ಸಾಗಿದರೋ ಎಂಬುದನ್ನು ಗುರುತಿಸಿಕೊಳ್ಳಿ. ಮೊದಲ ಒಂದೆರಡು ಪಾಠಗಳನ್ನು ವಿಶ್ಲೇಷಣೆಗೆ ಬಳಸಬೇಡಿ. ಹಿಂದಿನ ಬೆಂಚಿನಲ್ಲಿ ಅಪರಿಚಿತರು ಕೂತಿದ್ದರೆ ಯಾರ ಪಾಠವೂ ಸಹಜವಾಗಿರದು.

ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಇಂಗರ್ಸಾಲ್ 1990ರ ದಶಕದಿಂದ ಪ್ರತಿಪಾದಿಸುತ್ತ ಬಂದಿರುವಂತೆ, ಓದದ ವಿಷಯ ಬೋಧಿಸುವುದನ್ನು ಶಿಕ್ಷಕರ ತರಬೇತಿಯ ಕೊರತೆ ಎಂದಷ್ಟೇ ನೋಡಬಾರದು. ಅರ್ಹರನ್ನೇ ಅವರದಲ್ಲದ ತರಗತಿಗೆ ಕಳಿಸುವ ಶಾಲಾ ಆಡಳಿತದ ತೀರ್ಮಾನವೂ ಇದರಲ್ಲಿದೆ. ಆದ್ದರಿಂದ ಸಂದರ್ಶನ ಶಿಕ್ಷಕರಿಗೇ ನಿಲ್ಲಬಾರದು. ವೇಳಾಪಟ್ಟಿ ಹಾಕಿದವರನ್ನೂ ಕೂರಿಸಿ, ಪ್ರತಿ ಹಂಚಿಕೆಗೂ ಕಾರಣ ಕೇಳಬೇಕು.

ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯದು. ಚಿಕ್ಕ ಶಾಲೆಯಲ್ಲಿ ‘ಗಣಿತ ಬೋಧಿಸುವ ಇತಿಹಾಸ ಶಿಕ್ಷಕಿ’ ಒಬ್ಬರೇ ಇರುತ್ತಾರೆ. ಪ್ರಬಂಧ ಓದಿದ ಮುಖ್ಯಶಿಕ್ಷಕರಿಗೆ ಅವರು ಯಾರೆಂದು ತಕ್ಷಣ ತಿಳಿಯುತ್ತದೆ. ಶಾಲೆ, ಲಿಂಗ, ವಿಷಯ ಮೂರನ್ನೂ ಒಟ್ಟಿಗೆ ಬರೆಯಬೇಡಿ. ಸಂದರ್ಶನವನ್ನು ಮುಖ್ಯಶಿಕ್ಷಕರ ಕೊಠಡಿಯಲ್ಲಂತೂ ಮಾಡಲೇಬೇಡಿ.

– ಶಿಕ್ಷಣ ಸಂಶೋಧಕ