ಕ್ವಾರ್ಟೆಟ್ ಕಟ್ಟಹೊರಟ ತಮ್ಮನ ಮಗಳಿಗೆ

ಚಿರಂಜೀವಿ ಪುಟ್ಟಿಗೆ ಮೈಸೂರಿನಿಂದ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಲಂಡನ್ನಿನ ಓದು ಈ ಬೇಸಿಗೆಗೆ ಮುಗಿಯುವುದೆಂದೂ, ಆರ್ಕೆಸ್ಟ್ರಾ ಒಂದರ ಚೆಲ್ಲೊ ಸಾಲಿನಲ್ಲಿ ಕೆಲವು ತಿಂಗಳು ಪರೀಕ್ಷಾರ್ಥವಾಗಿ ನುಡಿಸಲು ಕರೆ ಬಂದಿದೆಯೆಂದೂ, ಆದರೆ ಅದನ್ನು ಬಿಟ್ಟು ಮೂವರು ಸಹಪಾಠಿಗಳೊಂದಿಗೆ ಕಟ್ಟಿಕೊಂಡಿರುವ ನಾಲ್ವರ ಕ್ವಾರ್ಟೆಟ್ಟಿಗೇ (ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಯೋಲಾ ಒಂದು, ತಗ್ಗು ದನಿಯ ನಿನ್ನ ಚೆಲ್ಲೊ) ಪೂರ್ತಿಯಾಗಿ ನಿಲ್ಲುವ ಮನಸ್ಸಿದೆಯೆಂದೂ ಬರೆದಿದ್ದೀಯೆ. ನಿನ್ನ ಅಪ್ಪ ಫೋನ್ ಮಾಡಿ, 'ಅವಳಿಗೆ ನೀನೇ ಬುದ್ಧಿ ಹೇಳಣ್ಣ' ಎಂದ. ಹೇಳುತ್ತೇನೆ ಎಂದೆ, ಅವನಿಗೆ ಒಪ್ಪಿಗೆಯಾಗುವ ಬುದ್ಧಿಯನ್ನೇ ಹೇಳುತ್ತೇನೆಂದು ಮಾತ್ರ ಮಾತು ಕೊಡಲಿಲ್ಲ.

ಆರ್ಕೆಸ್ಟ್ರಾದ ಕರೆಯನ್ನು ಒಪ್ಪಿಕೋ, ಕ್ವಾರ್ಟೆಟ್ಟನ್ನೂ ಬಿಡಬೇಡ ಎಂಬುದು ನನ್ನ ಅಭಿಪ್ರಾಯ. ನನಗೆ ಚಿಂತೆಯಾದದ್ದು ಬೇರೆ ಕಾರಣಕ್ಕೆ. ಸ್ಪರ್ಧೆಗಳ ಹೆಸರು, ಏಜೆಂಟರ ಹೆಸರು, ನುಡಿಸಬೇಕೆಂದಿರುವ ಸಭಾಂಗಣಗಳ ಹೆಸರು ಎಲ್ಲವನ್ನೂ ಬರೆದ ನೀನು ಆ ಮೂವರ ಬಗ್ಗೆ 'ತುಂಬ ಚೆನ್ನಾಗಿ ನುಡಿಸುತ್ತಾರೆ' ಎಂಬುದರಾಚೆಗೆ ಒಂದು ಮಾತನ್ನೂ ಬರೆದಿಲ್ಲ. ಚೆನ್ನಾಗಿ ನುಡಿಸುವವರು ಲಂಡನ್ನಿನಲ್ಲಿ ಬೀದಿಬೀದಿಗೂ ಸಿಗುತ್ತಾರೆ. ಭಿನ್ನಾಭಿಪ್ರಾಯ ಬಂದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ, ಹಣದ ವಿಷಯದಲ್ಲಿ ಹೇಗೆ, ಹತ್ತು ವರ್ಷದ ನಂತರ ಎಲ್ಲಿರಬೇಕೆಂದುಕೊಂಡಿದ್ದಾರೆ ಎಂಬುದು ನಿನಗೆ ಗೊತ್ತಿದೆಯೆ?

ಈ ವೃತ್ತಿಯ ಇತಿಹಾಸವನ್ನೇ ನೋಡು. ಅಮಡೇಯಸ್ ಕ್ವಾರ್ಟೆಟ್ಟಿನ ಮೂವರು ಆಸ್ಟ್ರಿಯಾದಿಂದ ಬ್ರಿಟನ್ನಿಗೆ ನಿರಾಶ್ರಿತರಾಗಿ ಬಂದ ಯಹೂದಿಗಳು, ಚೆಲ್ಲೊದ ಮಾರ್ಟಿನ್ ಲೊವೆಟ್ ಲಂಡನ್ನಿನವರು. 1947ರಲ್ಲಿ ಕೂಡಿದ ಆ ನಾಲ್ವರು, 1987ರಲ್ಲಿ ವಯೋಲಾದ ಪೀಟರ್ ಶಿಡ್ಲಾಫ್ ತೀರಿಕೊಳ್ಳುವವರೆಗೆ ಒಬ್ಬರನ್ನೂ ಬದಲಿಸಲಿಲ್ಲ. ಅವರು ಹೋದ ಮೇಲೆ ಇನ್ನೊಬ್ಬರನ್ನು ತಂದು ಕೂರಿಸದೆ ಕ್ವಾರ್ಟೆಟ್ಟನ್ನೇ ನಿಲ್ಲಿಸಿಬಿಟ್ಟರು. ಅಮೆರಿಕದ ಗ್ವಾರ್ನೇರಿ ಕ್ವಾರ್ಟೆಟ್ಟಿನವರ ದಾರಿ ಇನ್ನೊಂದು: 2001ರಲ್ಲಿ ಚೆಲ್ಲೊದ ಡೇವಿಡ್ ಸೋಯರ್ ನಿವೃತ್ತರಾದಾಗ ಅವರ ಶಿಷ್ಯರೇ ಆದ ಪೀಟರ್ ವೈಲಿ ಬಂದರು. ಈ ವೈಲಿ ಅದಕ್ಕೆ ಮೊದಲು ಬೋ ಆರ್ಟ್ಸ್ ಟ್ರಿಯೋ ಎಂಬ ಮೂವರ ತಂಡದಲ್ಲಿ ಬರ್ನಾರ್ಡ್ ಗ್ರೀನ್‌ಹೌಸ್ ಬಿಟ್ಟ ಜಾಗವನ್ನು ತುಂಬಿದ್ದವರು. ಎರಡು ಸಲವೂ ಹಿರಿಯರ ಕುರ್ಚಿಯಲ್ಲಿ ಕುಳಿತು ಹೆಸರು ಉಳಿಸಿಕೊಳ್ಳುವುದು ಸಾಮಾನ್ಯವಲ್ಲ. ಅಮೆರಿಕದ್ದೇ ಆದ ಎಮರ್ಸನ್ ಕ್ವಾರ್ಟೆಟ್ಟಿನ ಇಬ್ಬರು ಪಿಟೀಲುಗಾರರಾದರೋ ಮೊದಲ ಪಿಟೀಲಿನ ಸ್ಥಾನವನ್ನೇ ಸರದಿಯಂತೆ ಹಂಚಿಕೊಂಡರು. ಇವೆಲ್ಲ ಕಲೆಯ ತೀರ್ಮಾನಗಳಾಗಿದ್ದಷ್ಟೇ ಒಟ್ಟಿಗೆ ಬಾಳುವ ಏರ್ಪಾಡುಗಳೂ ಆಗಿದ್ದವು.

ಅಂಥ ಏರ್ಪಾಡನ್ನು ನೀವು ನಾಲ್ವರೂ ಈಗಲೇ, ಸ್ನೇಹ ಗಟ್ಟಿಯಾಗಿರುವಾಗಲೇ, ಬರೆದಿಟ್ಟುಕೊಳ್ಳಬೇಕು. ಚೇಂಬರ್ ಸಂಗೀತದ, ಅಂದರೆ ಕೆಲವೇ ಮಂದಿ ಕೂಡಿ ಸಣ್ಣ ಸಭೆಗೆ ನುಡಿಸುವ ಸಂಗೀತದ, ಹಣಕಾಸು ಎಷ್ಟು ಸಣ್ಣದೆಂದು ತಿಳಿಯಲು ಲಂಡನ್ನಿನ ವಿಗ್ಮೋರ್ ಹಾಲನ್ನು ನೆನೆದುಕೊಂಡರೆ ಸಾಕು. 1901ರಲ್ಲಿ ತೆರೆದ, ಜಗತ್ತಿನ ಕ್ವಾರ್ಟೆಟ್ಟುಗಳೆಲ್ಲ ಹಂಬಲಿಸುವ ಆ ಸಭಾಂಗಣದಲ್ಲಿರುವುದು ಸುಮಾರು 550 ಆಸನ. ಬರುವ ಸಂಭಾವನೆಯಲ್ಲಿ ಏಜೆಂಟರ ಪಾಲು, ಪ್ರಯಾಣ, ವಸತಿ ಕಳೆದು ಉಳಿದದ್ದು ನಾಲ್ಕು ಪಾಲಾಗಬೇಕು. ವಿಮಾನದಲ್ಲಿ ನಿನ್ನ ಚೆಲ್ಲೊಗೆ ಬೇರೆಯೇ ಟಿಕೆಟ್ಟು ಕೊಳ್ಳಬೇಕಲ್ಲ, ಅದರ ದುಡ್ಡು ನಿನ್ನ ಪಾಲಿನಿಂದಲೋ ಎಲ್ಲರ ಗಂಟಿನಿಂದಲೋ? ಎಲ್ಲರ ಗಂಟಿನಿಂದ ಎಂದು ಮೊದಲೇ ಬರೆಸಿಕೋ. ಸಂಕೋಚಪಟ್ಟರೆ ವರ್ಷ ತುಂಬುವಷ್ಟರಲ್ಲಿ ಆ ಸಂಕೋಚವೇ ಅಸಮಾಧಾನವಾಗುತ್ತದೆ. ಅಭ್ಯಾಸದ ಗಂಟೆಗಳನ್ನು ಯಾರು ಗೊತ್ತುಮಾಡುವುದು, ಒಂದು ಭಾಗದ ವೇಗದ ಬಗ್ಗೆ ಇಬ್ಬಿಬ್ಬರು ಒಂದೊಂದು ಕಡೆಯಾದರೆ ಏನು ಮಾಡುವುದು, ಬಿಟ್ಟು ಹೋಗುವವರು ಎಷ್ಟು ತಿಂಗಳು ಮೊದಲು ತಿಳಿಸಬೇಕು, ಕ್ವಾರ್ಟೆಟ್ಟಿನ ಹೆಸರು ಯಾರ ಬಳಿ ಉಳಿಯುತ್ತದೆ ಎಂಬಿವನ್ನೂ ಸೇರಿಸು. ಈ ಮಾತುಗಳನ್ನು ಎತ್ತಿದ ಕೂಡಲೇ ಮುಖ ಗಂಟಿಕ್ಕುವವರಿದ್ದರೆ ಅದು ಈಗಲೇ ಗೊತ್ತಾಗುವುದು ಒಳ್ಳೆಯದು.

ಇನ್ನೊಂದು ಪರೀಕ್ಷೆ ನಿನ್ನ ವಾದ್ಯದಲ್ಲೇ ಇದೆ. ನಿಮ್ಮಜ್ಜಿಯ ಹತ್ತಿರ ತಂಬೂರಿ ಶ್ರುತಿ ಮಾಡಲು ಕಲಿತವಳಾದ್ದರಿಂದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ತಂತಿಗಳು ಸಿ, ಜಿ, ಡಿ, ಎ. ಪಿಟೀಲಿನ ಮೇಲಿನ ತಂತಿ ಇ. ಪ್ರತಿಯೊಂದೂ ಹಿಂದಿನದರ ಪಂಚಮ. ನಿನ್ನ ಸಿ ತಂತಿಯನ್ನು ಷಡ್ಜವೆಂದುಕೊಂಡು ಶುದ್ಧ ಪಂಚಮದಿಂದ ಶುದ್ಧ ಪಂಚಮಕ್ಕೆ ನಾಲ್ಕು ಸಲ ಏರಿದರೆ ಸಿಗುವ ಇ ಸ್ವರವು ಆ ಷಡ್ಜಕ್ಕೆ ಹೊಂದುವ ಅಂತರ ಗಾಂಧಾರಕ್ಕಿಂತ ತುಸು ಮೇಲಿರುತ್ತದೆ: ಷಡ್ಜದ ಸ್ಥಾಯಿಗೇ ಇಳಿಸಿ ನೋಡಿದರೆ 5/4 ಆಗಬೇಕಾದ ಅನುಪಾತ 81/64 ಆಗಿಬಿಡುತ್ತದೆ. ಅದಕ್ಕೇ ಅನೇಕ ಕ್ವಾರ್ಟೆಟ್ಟುಗಳಲ್ಲಿ ಚೆಲ್ಲೊದವರು ಸಿ ತಂತಿಯನ್ನು ಕೂದಲೆಳೆಯಷ್ಟು ಏರಿಸಿಕೊಳ್ಳುವುದು. ಎಷ್ಟು ಏರಿಸಬೇಕೆಂಬುದನ್ನು ನಾಲ್ವರೂ ಕೂಡಿ ಕಿವಿಯಿಂದಲೇ ನಿಶ್ಚಯಿಸಬೇಕು. ಸ್ವರಗಳು ಕೂಡದಿದ್ದಾಗ ಎಲ್ಲರೂ ಮೊದಲ ಪಿಟೀಲಿನ ಕಡೆ ನೋಡುತ್ತಾರೆ; ಎಷ್ಟೋ ವೇಳೆ ದೋಷ ಬುಡದಲ್ಲಿ, ಅಂದರೆ ನಿನ್ನಲ್ಲಿ, ಇರುತ್ತದೆ. 'ನಿನ್ನ ಜಿ ಇಳಿದಿದೆ' ಎಂದು ಕೋಪವಿಲ್ಲದೆ ಹೇಳಬಲ್ಲವರು, ನೀನು ಹೇಳಿದರೆ ಕೋಪವಿಲ್ಲದೆ ಕೇಳಬಲ್ಲವರು ಆ ಮೂವರಲ್ಲಿ ಎಷ್ಟು ಮಂದಿ ಎಂಬುದನ್ನು ಗಮನಿಸಿ ನನಗೆ ಬರೆ.

ಆರ್ಕೆಸ್ಟ್ರಾದ ಸಾಲಿನಲ್ಲಿ ಕೂತರೆ ಕಲಾವಿದೆ ಎಂಬ ಹೆಸರು ಹೋಗುತ್ತದೆಂಬ ಅಳುಕು ನಿನ್ನ ಪತ್ರದಲ್ಲಿ ಕಂಡಿತು. ನೀನು ಆರಾಧಿಸುವ, ಆರ್ಕೆಸ್ಟ್ರಾದ ಮುಂದೆ ಚೆಲ್ಲೊ ಒಂಟಿಯಾಗಿ ನುಡಿಯುವ ಎಲ್ಗರ್ ಕಾನ್ಚೆರ್ಟೊದ 1965ರ ಧ್ವನಿಮುದ್ರಣದಲ್ಲಿ ಜಾಕ್ಲೀನ್ ಡು ಪ್ರೆಯವರ ಹಿಂದೆ ಆರ್ಕೆಸ್ಟ್ರಾ ನಡೆಸಿದವರು ಜಾನ್ ಬಾರ್ಬಿರೊಲ್ಲಿ. 1919ರಲ್ಲಿ ಆ ಕೃತಿ ಮೊದಲು ಬೆಳಕು ಕಂಡ ಸಂಜೆ, ಅಭ್ಯಾಸ ಸಾಲದೆ ಅದು ಸೋತ ಸಂಜೆ, ಅದೇ ಬಾರ್ಬಿರೊಲ್ಲಿ ಚೆಲ್ಲೊ ಸಾಲಿನಲ್ಲಿ ಕುಳಿತು ನುಡಿಸುತ್ತಿದ್ದರು. ಹೋಗು, ನುಡಿಸು, ಸಂಬಳ ತೆಗೆದುಕೋ. ಕ್ವಾರ್ಟೆಟ್ಟಿನ ಅಭ್ಯಾಸಕ್ಕೆ ವಾರದಲ್ಲಿ ಕದಲದ ಹೊತ್ತುಗಳನ್ನು ಮೊದಲೇ ಗುರುತು ಹಾಕಿಟ್ಟುಕೋ.

ಸ್ಪರ್ಧೆಗಳ ಬಗ್ಗೆ ಹೆಚ್ಚು ಹೇಳಲಾರೆ. ವಿಗ್ಮೋರ್ ಹಾಲಿನದೂ ಕೆನಡಾದ ಬಾನ್ಫಿನದೂ ಮೂರು ವರ್ಷಕ್ಕೊಮ್ಮೆ ಬರುವಂಥವು, ಸಿದ್ಧವಾದಾಗ ಹೋಗಿ. ಅದಕ್ಕಿಂತ ಮೊದಲು ಹಿರಿಯರ ಮಗ್ಗುಲಲ್ಲಿ ಕೂತು ನುಡಿಸುವ ಕಡೆಗೆ ಹೋಗಬೇಕು. ಪಿಟೀಲುಗಾರ ಶಾಂಡೋರ್ ವೇಗ್ 1972ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪ್ರಷ್ಯಾ ಕೋವ್‌ನಲ್ಲಿ ಆರಂಭಿಸಿದ ಶಿಬಿರವಾಗಲಿ, 1951ರಿಂದ ಅಮೆರಿಕದ ವರ್ಮಾಂಟಿನಲ್ಲಿ ನಡೆಯುತ್ತಿರುವ ಮಾರ್ಲ್‌ಬರೋ ಆಗಲಿ, ಕಿರಿಯರನ್ನು ಶಿಷ್ಯರ ಸಾಲಿನಲ್ಲಿ ನಿಲ್ಲಿಸದೆ ಹಿರಿಯರ ಜೊತೆಗೇ ಕೂರಿಸುತ್ತವೆ. ಅಲ್ಲಿ ಶೂಬರ್ಟ್ 1828ರಲ್ಲಿ, ಸಾಯುವ ಕೆಲವೇ ವಾರ ಮುಂಚೆ, ಬರೆದ, ಎರಡು ಚೆಲ್ಲೊಗಳಿರುವ ಸಿ ಮೇಜರ್ ಕ್ವಿಂಟೆಟ್ ಸಿಕ್ಕಿದರೆ ಎರಡನೆಯ ಚೆಲ್ಲೊವನ್ನು ಕೇಳಿ ಪಡೆ. ನಿಧಾನಗತಿಯ ಭಾಗದಲ್ಲಿ ನಡುವಿನ ಮೂರು ವಾದ್ಯಗಳು ದೀರ್ಘ ಸ್ವರಗಳನ್ನು ಹಿಡಿದಿರುವಾಗ ಎರಡನೆಯ ಚೆಲ್ಲೊ ಬೆರಳಿನಿಂದ ತಂತಿ ಮೀಟುತ್ತ ಹೋಗುತ್ತದೆ. ಅಷ್ಟೇ ಕೆಲಸ. ಒಂದು ಮೀಟು ಹಿಂದುಮುಂದಾದರೆ ಐವರ ನಡಿಗೆಯೂ ತಪ್ಪುತ್ತದೆ. ಮನೆಯಲ್ಲಿ ನೀವು ನಾಲ್ವರೇ ಕೂತಾಗ ಹೈಡನ್ನಿನ ಓಪಸ್ 20ರ ಎರಡನೆಯ ಕ್ವಾರ್ಟೆಟ್ಟನ್ನು ತೆಗೆಯಿರಿ. 1772ರಷ್ಟು ಹಿಂದೆಯೇ ಅವನು ಮೊದಲ ಹಾಡನ್ನು ಚೆಲ್ಲೊಗೆ ಕೊಟ್ಟಿದ್ದಾನೆ.

ಕೊನೆಗೆ ವಾದ್ಯದ ಮಾತು. ಹಳೆಯ ಇಟಾಲಿಯನ್ ಚೆಲ್ಲೊಗಾಗಿ ಮನೆಯನ್ನು ಅಡವಿಡಲು ನಿನ್ನ ಅಪ್ಪ ಯೋಚಿಸುತ್ತಿದ್ದಾನೆಂದು ನಿನಗೆ ತಿಳಿಯದು. ಅವನು ಹೇಳಬೇಡವೆಂದಿದ್ದರೂ ಹೇಳುತ್ತಿದ್ದೇನೆ. ಎಮರ್ಸನ್ನಿನ ಚೆಲ್ಲೊದವರಾಗಿದ್ದ ಡೇವಿಡ್ ಫಿಂಕೆಲ್ ವರ್ಷಾನುವರ್ಷ ನುಡಿಸಿರುವುದು ಬ್ರೂಕ್ಲಿನ್ನಿನ ಸ್ಯಾಮ್ಯುಯೆಲ್ ಸಿಗ್ಮುಂಟೋವಿಚ್ 1993ರಲ್ಲಿ ಮಾಡಿದ ಚೆಲ್ಲೊ. ನಮ್ಮ ಕಾಲದ ಒಳ್ಳೆಯ ಕುಶಲಕರ್ಮಿಯೊಬ್ಬರಿಂದ ನಿನಗೂ ಒಂದನ್ನು ಮಾಡಿಸಬಹುದು. ಹಳೆಯದೇ ಬೇಕಾದರೆ ಎರವಲು ಕೊಡುವ ಟ್ರಸ್ಟುಗಳಿವೆ. ಅವಧಿ ಎಷ್ಟು, ವಿಮೆಯ ಕಂತು ಯಾರದು ಎಂಬುದನ್ನು ಓದಿಕೊಂಡು ಅರ್ಜಿ ಹಾಕು. ಇನ್ನೊಬ್ಬರ ನೆರವಿನಿಂದ ನುಡಿಸುವುದು ಕೀಳೆಂದು ನಿನ್ನ ಅಪ್ಪನಿಗೆ ಅನಿಸಿದರೆ, ಲಂಡನ್ನಿನಲ್ಲಿ ಕಾಯಿಲೆಯಿಂದಿದ್ದ ರಷ್ಯದ ಸಂಗೀತ ಸಂಯೋಜಕ ಮೆಟ್ನರ್ ತನ್ನ ಕೃತಿಗಳನ್ನು ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರೇ ಎಂಬುದನ್ನು ನಾನು ಅವನಿಗೆ ನೆನಪಿಸುತ್ತೇನೆ. ಭಾನುವಾರ ಅವನ ಮನೆಗೆ ಹೋಗಿ ಬ್ಯಾಂಕಿನ ಕಾಗದಗಳಿಗೆ ಸಹಿ ಹಾಕದಂತೆ ತಡೆಯುವವನಿದ್ದೇನೆ. ಅಷ್ಟರೊಳಗೆ ನೀನೂ ಒಂದು ಫೋನ್ ಮಾಡಿ, ಅಂಥ ಸಾಲ ಬೇಡವೆಂದು ಅವನಿಗೆ ಹೇಳು.

ಇಂತು,
ನಿನ್ನ ದೊಡ್ಡಪ್ಪ