ಸುಲಭವಾಗಿ ಮಾಡಿದ್ದು ಅಂತ ಅಳುಕಬೇಡ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ಮನೆ ವಿಚಾರ, ಬ್ಯಾಂಕಿನ ವಿಚಾರ ಎಲ್ಲಾ ಓದಿದೆ. ಅದಕ್ಕೆಲ್ಲ ಉತ್ತರ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. 'ಏರ್ ಫ್ರೈಯರಿನಲ್ಲಿ ಇಷ್ಟು ಸುಲಭವಾಗಿ ಮಾಡಿದ ಸಿಹಿಯನ್ನು ಎದುರಿಗಿಟ್ಟರೆ, ನಾನು ಅವರನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂತ ಅತ್ತೆ ಅಂದುಕೊಳ್ಳುತ್ತಾರೇನೋ ದೊಡ್ಡಮ್ಮಾ.' ಓದಿ ಹೊಟ್ಟೆಯೊಳಗೆ ಏನೋ ಆಯಿತು. ನಿಮ್ಮ ದೊಡ್ಡಪ್ಪ 'ಫೋನು ಮಾಡಿ ಹೇಳಬಾರದಾ' ಅಂದರು. ಫೋನಿನಲ್ಲಾದರೆ ನೀನು 'ಆಯ್ತು ಬಿಡಿ ದೊಡ್ಡಮ್ಮ' ಅಂದುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮಗಳೇ, ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಹೋಗುತ್ತೀಯ. ಸಂಜೆ ಬಟವಾಡಿಯ ಆ ಟ್ರಾಫಿಕ್ಕಿನಲ್ಲಿ ಮನೆಗೆ ಬರುತ್ತೀಯ. ಬಂದವಳು ಅತ್ತೆ ಮಾವನಿಗೆ ಬಿಸಿಯಾಗಿ ಒಂದು ಸಿಹಿ ಮಾಡಿಕೊಡಬೇಕು ಅಂತ ಯೋಚನೆ ಮಾಡಿದ್ದೀಯಲ್ಲ, ಲೆಕ್ಕಕ್ಕೆ ಇಡೋದು ಅಂದರೆ ಇನ್ನೇನು? ಬೇಕರಿಯಿಂದ ಅರ್ಧ ಕೆಜಿ ಮೈಸೂರುಪಾಕು ತಂದಿಟ್ಟರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮನೆಯಲ್ಲೇ ಮಾಡೋಣ ಅಂದುಕೊಂಡವಳಿಗೆ ಈ ಅಳುಕು ಯಾಕೆ ಬರಬೇಕು ಹೇಳು.

ಸೇಬಿಗೆ ಬೆಲ್ಲ ತುಂಬಿ ಏರ್ ಫ್ರೈಯರಿನಲ್ಲಿ ಇಡುತ್ತೇನೆ ಅಂದಿದ್ದೀಯ. ಒಳ್ಳೆಯದೇ. ಬಿಸಿಗಾಳಿಯಲ್ಲಿ ಬೇಯಿಸೋ ಆ ಡಬ್ಬವನ್ನು ನಿಮ್ಮಣ್ಣ ಇಲ್ಲೂ ಒಂದು ತಂದಿಟ್ಟು ಹೋದ ಮೇಲೆ ನಾನೂ ಅದರಲ್ಲಿ ಹಣ್ಣು ಬೇಯಿಸಿದ್ದೇನೆ, ಹಾಗಾಗಿ ಒಂದೆರಡು ಮಾತು ಹೇಳಬಹುದು ಅನ್ನಿಸುತ್ತೆ. ನಿನಗೆ ಗೊತ್ತಿದ್ದರೆ ಬಿಟ್ಟುಬಿಡು. ಈ ತಿಂಗಳಲ್ಲಿ ಸಿಗೋ ಸೇಬು ಕೋಲ್ಡ್ ಸ್ಟೋರೇಜಿನಿಂದ ಬಂದಿರುತ್ತೆ. ಕೆಲವು ಒಳಗೆ ಹಿಟ್ಟುಹಿಟ್ಟಾಗಿರುತ್ತವೆ, ಬಿಸಿ ತಾಗಿದರೆ ಕುಸಿದು ಕೂರುತ್ತವೆ. ಕೈಯಲ್ಲಿ ಒತ್ತಿ ನೋಡಿ, ಕಲ್ಲಿನಂಥದ್ದನ್ನೇ ಆರಿಸು. ದೊಡ್ಡದು ಬೇಡ, ಮಧ್ಯಮ ಗಾತ್ರ ಸಾಕು.

ಬರೀ ಬೆಲ್ಲ ತುಂಬಿದರೆ ಕರಗಿ ನೀರಾಗಿ ಹರಿದುಹೋಗುತ್ತೆ. ಅದರ ಬದಲು ನಮ್ಮ ಕಾಯಿ ಒಬ್ಬಟ್ಟಿನ ಹೂರಣವನ್ನೇ ತುಂಬು. ಹಿಂದಿನ ರಾತ್ರಿಯೇ ಕಾಯಿತುರಿ, ಬೆಲ್ಲ, ಏಲಕ್ಕಿ ಹಾಕಿ ಗಟ್ಟಿಯಾಗಿ ಮಗುಚಿ ಫ್ರಿಜ್ಜಿನಲ್ಲಿ ಇಟ್ಟುಬಿಡು. ಹೋದ ಸಲ ಅತ್ತೆ ತಿಪಟೂರಿನಿಂದ ತಂದುಕೊಟ್ಟ ಕಾಯಿ ಉಳಿದಿದ್ದರೆ ಅದನ್ನೇ ತುರಿ. ಸೇಬಿನ ತಲೆಯನ್ನು ಮುಚ್ಚಳದ ಹಾಗೆ ಕೊಯ್ದುಕೊಂಡು, ಚಮಚದಲ್ಲಿ ಬೀಜದ ಭಾಗ ತೋಡಿ ತೆಗೆ. ತಳ ತೂತಾಗಬಾರದು. ಹೂರಣ ತುಂಬಿ, ಒಂದು ಸಣ್ಣ ಚಮಚ ತುಪ್ಪ ಬಿಟ್ಟು, ಮುಚ್ಚಳ ಇಟ್ಟು, ವೀಳ್ಯಕ್ಕೆ ಚುಚ್ಚುವ ಹಾಗೆ ಎರಡು ಲವಂಗ ಚುಚ್ಚು. ಒಳಗೆ ಫ್ಯಾನು ಜೋರಾಗಿ ತಿರುಗುತ್ತೆ, ಹಗುರವಾದದ್ದೆಲ್ಲ ಮೇಲಕ್ಕೆ ಹಾರುತ್ತೆ. ತಳಕ್ಕೆ ಹಾಸೋ ಕಾಗದವೂ ಅಷ್ಟೇ, ಅದರ ಮೇಲೆ ಹಣ್ಣಿನ ಭಾರ ಇಲ್ಲದಿದ್ದರೆ ಹಾರಿ ಮೇಲಿನ ಕಾಯಿಲ್‌ಗೆ ತಾಗಿ ಸುಟ್ಟುಹೋಗುತ್ತೆ. ಸಣ್ಣ ಸ್ಟೀಲ್ ಬಟ್ಟಲಲ್ಲಿ ಕೂರಿಸಿದರೆ ಆ ಯೋಚನೆಯೇ ಇಲ್ಲ. ಒಣದ್ರಾಕ್ಷಿ ಹಾಕೋದಾದರೆ ಹೂರಣದ ಒಳಗೆ ಸೇರಿಸು, ಮೇಲಿದ್ದರೆ ಸೀದು ಕಹಿಯಾಗುತ್ತೆ. ಸಿಪ್ಪೆಗೆ ಅಲ್ಲಲ್ಲಿ ಫೋರ್ಕಿನಲ್ಲಿ ಚುಚ್ಚಿರು. 170 ಡಿಗ್ರಿ ಇಟ್ಟರೆ 18ರಿಂದ 20 ನಿಮಿಷ. 15 ನಿಮಿಷ ಆದಾಗ ಎಳೆದು ನೋಡು, ಮಧ್ಯೆ ತೆಗೆದರೆ ಏನೂ ಕೆಡಲ್ಲ. ಚಾಕುವಿನ ತುದಿ ಸಲೀಸಾಗಿ ಇಳಿಯಬೇಕು.

ನೋಡು, ಇಷ್ಟು ಬರೆದರೂ ಮನಸ್ಸು ಮತ್ತೆ ಆ ಸಾಲಿಗೇ ಹೋಗುತ್ತೆ. ಲೆಕ್ಕಕ್ಕೇ ಇಟ್ಟಿಲ್ಲ ಅಂದುಕೊಳ್ಳುತ್ತಾರೇನೋ ಅಂತ. ಈ ಭಯ ನಿನ್ನದಲ್ಲ ಪುಟ್ಟಿ. ನಮ್ಮ ಕಾಲದಿಂದ ಬಂದದ್ದು. ಯಾರು ನಿನ್ನ ತಲೆಯಲ್ಲಿ ಹಾಕಿದರೋ ಗೊತ್ತಿಲ್ಲ. ನಾನು ಈ ಮನೆಗೆ ಬಂದಾಗ ಕುಕ್ಕರ್ ಅನ್ನೋದು ಹೊಸದೇನೂ ಅಲ್ಲ. ಹಾಕಿನ್ಸ್, ಪ್ರೆಸ್ಟೀಜ್ ಎರಡೂ ನಮ್ಮ ದೇಶದಲ್ಲಿ 1959ರಲ್ಲೇ ಶುರುವಾಗಿದ್ದವು. ಆದರೂ ನಮ್ಮತ್ತೆ ಅದನ್ನು ಅಟ್ಟದ ಮೇಲೆ ಇಡಿಸಿದ್ದರು. ಸೀಟಿ ಹೊಡೆಯೋ ಅನ್ನ ನೆಂಟರಿಗೆ ಬಡಿಸಿದರೆ ಮನೆತನದ ಮರ್ಯಾದೆ ಏನಾಗಬೇಕು ಅನ್ನುತ್ತಿದ್ದರು. ಈಗ ಬೇಳೆಯನ್ನು ಕುಕ್ಕರಿಗೆ ಹಾಕಿದ್ದಕ್ಕೆ ಬೇಜಾರು ಮಾಡಿಕೊಳ್ಳೋರು ಯಾರಾದರೂ ಇದ್ದಾರಾ? ನಿಮ್ಮ ಅತ್ತೆ ಮನೆಯಲ್ಲೂ ಅದೇ ಅಲ್ವಾ? ಏರ್ ಫ್ರೈಯರ್ ಇನ್ನೂ ಎಳೇದು. ಫಿಲಿಪ್ಸ್‌ನವರು ಆ ಹೆಸರಲ್ಲಿ ಬಿಟ್ಟಿದ್ದೇ 2010ರಲ್ಲಿ. ಜನಕ್ಕೆ ಒಗ್ಗೋಕೆ ಸ್ವಲ್ಪ ಕಾಲ ಬೇಕು, ಅಷ್ಟೇ.

ಗುಬ್ಬಿ ಜಾತ್ರೆ ಬಂತು ಅಂದರೆ ನಮ್ಮ ಮನೆಯಲ್ಲಿ ಒಬ್ಬಟ್ಟು. ಹೂರಣ ಒರಳಿನಲ್ಲೇ ರುಬ್ಬಬೇಕು, ಮಿಕ್ಸಿ ಮುಟ್ಟೋ ಹಾಗಿಲ್ಲ. ಸೌದೆ ಒಲೆ ಮುಂದೆ ಕೂತರೆ ಬೆಳಗಾಗಿದ್ದೂ ಗೊತ್ತಿಲ್ಲ, ಸಂಜೆಯಾಗಿದ್ದೂ ಗೊತ್ತಿಲ್ಲ. ನಿಮ್ಮಮ್ಮ ವರ್ಷವರ್ಷವೂ ಜಾತ್ರೆಗೆ ಬರುತ್ತಿದ್ದಳು. ಬಂದವಳು ಅಡುಗೆಮನೆ ಹೊಸಿಲ ಮೇಲೆ ನಿಂತು ಏನಾದರೂ ಹೇಳೋಕೆ ಶುರು ಮಾಡುತ್ತಿದ್ದಳು. ಅಷ್ಟರಲ್ಲಿ ಪಂಕ್ತಿಯಿಂದ ಯಾರೋ ತುಪ್ಪ ಅಂತ ಕೂಗುತ್ತಿದ್ದರು. ನಾನು ಎದ್ದು ಹೋಗುತ್ತಿದ್ದೆ. ಅವಳ ಮಾತು ಅಲ್ಲೇ ನಿಲ್ಲುತ್ತಿತ್ತು. ಕೊನೇ ಸಲ ಬಂದಾಗ ಸಂಜೆ ಬಸ್ಸಿಗೆ ಹೊರಟು, 'ಅಕ್ಕ, ಬರ್ತೀನಿ' ಅಂತ ಬಾಗಿಲಲ್ಲಿ ನಿಂತಳು. ನನ್ನ ಎರಡೂ ಕೈಗೆ ಮೊಣಕೈವರೆಗೂ ಕಣಕ ಮೆತ್ತಿತ್ತು, ಎಣ್ಣೆ ಬೇರೆ. ಕುಂಕುಮ ಇಡೋಕೂ ಆಗದೆ 'ನೀನೇ ಇಟ್ಕೊಂಡು ಹೋಗೇ' ಅಂದೆ. ಗೂಡಿನಲ್ಲಿದ್ದ ಭರಣಿ ತೆಗೆದು, ಹಣೆಗೆ ತಾನೇ ಇಟ್ಟುಕೊಂಡು, ನನ್ನ ಹಣೆಗೂ ಒಂದಿಷ್ಟು ಒತ್ತಿ ಹೋದಳು. ಆಮೇಲಿನದು ನಿನಗೆ ಗೊತ್ತಿರೋದೇ.

ಅವಳು ಆವತ್ತು ಏನು ಹೇಳಬೇಕು ಅಂತ ಬಂದಿದ್ದಳೋ. ಈಗಲೂ ಹೂರಣ ಕುದಿಯೋ ವಾಸನೆ ಬಂದರೆ ಅದೇ ಯೋಚನೆ. ಆ ವರ್ಷ ಒಬ್ಬಟ್ಟು ತುಂಬಾ ಮೆತ್ತಗೆ ಬಂದಿತ್ತು ಅಂತ ಬಂದವರೆಲ್ಲ ಹೊಗಳಿದರಂತೆ. ಕಷ್ಟಪಟ್ಟು ಮಾಡಿದ್ದಕ್ಕೆ ಹೊಗಳಿಕೆ ಸಿಕ್ಕಿತು, ಸಿಗಲಿಲ್ಲ ಅಂತ ಹೇಳಲಾರೆ. ಆದರೆ ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ? ಒಂದು ಅರ್ಧ ಗಂಟೆ ಕೈ ತೊಳೆದುಕೊಂಡು ಅವಳ ಪಕ್ಕ ಕೂರೋ ಹಾಗಿದ್ದಿದ್ದರೆ ಅನ್ನಿಸುತ್ತೆ. ಇದನ್ನು ನಿನಗೆ ಇಷ್ಟು ದಿನ ಹೇಳಿರಲಿಲ್ಲ. ನಿನ್ನ ಪತ್ರ ಹೇಳಿಸಿತು.

ಅದಕ್ಕೇ ನಿನ್ನ ಆ ಡಬ್ಬ ನನಗೆ ಇಷ್ಟವಾಗಿದ್ದು. ಸೇಬು ಒಳಗಿಟ್ಟ ಮೇಲೆ 20 ನಿಮಿಷ ನಿನ್ನ ಕೈ ಖಾಲಿ. ಮಗುಚಬೇಕಾಗಿಲ್ಲ, ತಳ ಹತ್ತೀತು ಅಂತ ಕಾಯಬೇಕಾಗಿಲ್ಲ, ಟೈಮ್ ಆದರೆ ತಾನೇ ಆಫ್ ಆಗುತ್ತೆ. ಆ ಹೊತ್ತು ಅಡುಗೆಮನೆಯಲ್ಲಿ ಸುಮ್ನೆ ಓಡಾಡಬೇಡ, ಪಾತ್ರೆ ತೊಳೆಯೋಕೆ ನಿಲ್ಲಬೇಡ. ಹೋಗಿ ಅತ್ತೆ ಪಕ್ಕ ಕೂತುಕೋ. ಅವರ ಮಂಡಿನೋವು ಹೇಗಿದೆ ಕೇಳು, ಈ ಸಲ ಕೊಬ್ಬರಿಗೆ ಏನು ರೇಟು ಸಿಕ್ಕಿತು ಕೇಳು. ತೆಂಗಿನ ತೋಟದವರಿಗೆ ಅದನ್ನು ಕೇಳಿದರೆ ಮಾತು ತಾನಾಗೇ ಬರುತ್ತೆ. ಅಷ್ಟು ಹೊತ್ತು ಪಕ್ಕದಲ್ಲಿ ಕೂತ ಸೊಸೆಯ ಬಗ್ಗೆ, ಲೆಕ್ಕಕ್ಕೆ ಇಟ್ಟಿಲ್ಲ ಅಂತ ಯಾವ ಅತ್ತೆಗೆ ಅನ್ನಿಸೀತು? ನನಗಂತೂ ಹಾಗೆ ಅನ್ನಿಸಲ್ಲ.

ಸೇಬು ಯಾಕೋ ಬೇಡ ಅನ್ನಿಸಿದರೆ ಇನ್ನೊಂದು ಇದೆ. ಹಲಸು ಈಗ ಮುಗಿಯುತ್ತಾ ಬಂದಿದೆ, ಆದರೂ ನಮ್ಮ ಚೇಳೂರು ಕಡೆ ಸಿದ್ದು ಅನ್ನೋ ತಳಿಯ ಹಲಸು ಸಿಗುತ್ತಿದೆ. ಹಿರೇಹಳ್ಳಿ ತೋಟಗಾರಿಕೆ ಕೇಂದ್ರದವರು ಗುರುತಿಸಿದ ಮೇಲೆ ದೂರದೂರದವರೆಲ್ಲ ಇದರ ಸಸಿ ಕೇಳಿಕೊಂಡು ಬರುತ್ತಾರೆ. ಎರಡೂವರೆ ಮೂರು ಕೆಜಿ ತೂಗುತ್ತೆ ಅಷ್ಟೇ, ಇಬ್ಬರು ಮೂವರಿರೋ ಮನೆಗೆ ಸರಿ. ತೊಳೆ ತಾಮ್ರದ ಬಣ್ಣ. ಬೀಜ ತೆಗೆದ ಜಾಗಕ್ಕೆ ಅದೇ ಹೂರಣ ತುಂಬಿ, ಮೇಲೆ ತುಪ್ಪ ಸವರಿ 160 ಡಿಗ್ರಿಯಲ್ಲಿ 8 ನಿಮಿಷ ಇಡು. ಅಂಚು ಒಂಚೂರು ಕೆಂಪಗಾದರೆ ಸಾಕು, ಜಾಸ್ತಿ ಬಿಟ್ಟರೆ ನಾರುನಾರಾಗುತ್ತೆ. ಶನಿವಾರ ನಿಮ್ಮ ದೊಡ್ಡಪ್ಪ ತುಮಕೂರಿಗೆ ಬರುತ್ತಾರೆ, ಒಂದು ಹಣ್ಣು ಕಳಿಸುತ್ತೇನೆ. ಮಾಡಲೇಬೇಕು ಅಂತೇನಿಲ್ಲ, ಹಾಗೇ ಬಿಡಿಸಿಕೊಂಡು ತಿಂದರೂ ಆಯಿತು.

ಇಷ್ಟಾದ ಮೇಲೂ ಅತ್ತೆ 'ಇದಕ್ಕೆ ಎಷ್ಟು ಹೊತ್ತು ಹಿಡಿಯಿತಮ್ಮ' ಅಂತ ಕೇಳಿದರೆ, 20 ನಿಮಿಷ ಅಂತ ಇದ್ದಿದ್ದನ್ನು ಇದ್ದ ಹಾಗೆ ಹೇಳು. ಮುಚ್ಚಿಟ್ಟುಕೊಂಡು ಬೆಳಿಗ್ಗೆಯಿಂದ ಮಾಡಿದೆ ಅನ್ನಬೇಡ. ಅವರು ನಿಜವಾಗಲೂ ಮುಖ ಸಣ್ಣ ಮಾಡಿಕೊಂಡರೆ? ಆಗಬಹುದು, ಆಗಲ್ಲ ಅಂತ ನಾನು ಮಾತು ಕೊಡಲಾರೆ. ಆದರೂ ಹೆದರಬೇಡ. ಅವರೂ ಒಲೆ ಮುಂದೆ ಬೆಂದವರೇ, ನನ್ನ ವಯಸ್ಸಿನವರೇ. ಒಂದು ಸೇಬಿನ ಮುಚ್ಚಳವನ್ನು ಅವರ ಕೈಯಲ್ಲೇ ಇಡಿಸು, ಗುಂಡಿ ಅವರೇ ಒತ್ತಲಿ. ನನಗೆ ಮೊದಲ ಸಲ ನಿಮ್ಮಣ್ಣ ಹಾಗೇ ಮಾಡಿಸಿದ್ದ.

ಬಡಿಸುವಾಗ ತೆಗೆದ ತಕ್ಷಣ ಕೊಡಬೇಡ. ಒಳಗಿನ ಬೆಲ್ಲ ತುಂಬಾ ಹೊತ್ತು ಸುಡುತ್ತಾ ಇರುತ್ತೆ, ನಾಲಿಗೆ ಸುಟ್ಟುಕೊಳ್ಳುತ್ತಾರೆ. ಐದು ನಿಮಿಷ ಬಿಟ್ಟು, ಬೇಕಾದರೆ ಮೇಲೆ ಒಂದು ಚಮಚ ಗಟ್ಟಿ ಕೆನೆ ಹಾಕು.

ಆರೋಗ್ಯ ನೋಡಿಕೋ. ಅಳಿಯಂದಿರಿಗೆ ನಮ್ಮ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ

ಮರೆತಿದ್ದೆ. ನಿಮ್ಮ ಮಾವನಿಗೆ ಶುಗರ್ ಇದೆ ಅಂದಿದ್ದೆಯಲ್ಲ. ಅವರದ್ದನ್ನು ಬೇರೆ ಮಾಡು. ಸಕ್ಕರೆ ಬೇಡ, ಬೆಲ್ಲ ಪರವಾಗಿಲ್ಲ ಅಂತ ಕೆಲವರು ಹೇಳುತ್ತಾರೆ, ನಂಬಬೇಡ, ಅದೂ ಶುಗರ್ ಏರಿಸುತ್ತೆ. ಅರ್ಧ ಸೇಬಿಗೆ ಬರೀ ಕಾಯಿತುರಿ, ಚೂರು ಬಾದಾಮಿ, ಒಂದು ಚಿಟಿಕೆ ಚಕ್ಕೆ ಪುಡಿ ಹಾಕು. ಹಣ್ಣಿನ ಸಿಹಿಯೇ ಸಾಕಾಗುತ್ತೆ. ಗುರುತಿಗೆ ಅದಕ್ಕೆ ಒಂದೇ ಲವಂಗ ಚುಚ್ಚು, ಅದಲು ಬದಲಾಗಬಾರದು.