ಲಸಿಕೆ ಡಬ್ಬಿ ದಾಟುವಷ್ಟು ಹೊತ್ತು

ಮಾನ್ಯ ಸಂಪಾದಕರೇ,

ಮೂವತ್ತೊಂದು ವರ್ಷ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಾನಗಲ್ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿದವಳು ನಾನು. ಒಂದು ಪೋಲಿಯೊ ಭಾನುವಾರ ಹಳ್ಳ ತುಂಬಿ ಬಂದು, ಮಧ್ಯಾಹ್ನದವರೆಗೂ ದಂಡೆಯಲ್ಲೇ ಕೂತಿದ್ದೆ. ಸೀಸೆಯ ಮೇಲಿನ ಬಿಳಿ ಚೌಕ ಬಿಸಿ ತಾಗಿ ಕಪ್ಪಾದರೆ ಲಸಿಕೆ ಕೆಟ್ಟಂತೆ. ಐದು ನಿಮಿಷಕ್ಕೊಮ್ಮೆ ಅದನ್ನೇ ನೋಡುತ್ತಿದ್ದೆ. ನನಗೆ ಅಡ್ಡ ಬಂದದ್ದು ನೀರು, ಸಂಜೆಗೆ ಇಳಿಯಿತು. ಯುದ್ಧದ ಊರುಗಳಲ್ಲಿ ಇದೇ ಡಬ್ಬಿ ಹೊತ್ತವರಿಗೆ ಅಡ್ಡ ಬರುವುದು ಗುಂಡು.

ಕೊರೊನಾ ಬಂದಾಗ, 2020ರ ಮಾರ್ಚ್ 23ರಂದು, ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಗುಟೆರಸ್ ಅವರು ಎಲ್ಲ ಕಡೆ ಕದನ ನಿಲ್ಲಿಸಿ ಎಂದು ಬೇಡಿಕೊಂಡರು. ನಾವು ಮನೆ ಮನೆಗೆ ಹೋಗಿ ಜ್ವರದವರನ್ನು ಪಟ್ಟಿ ಮಾಡುತ್ತಿದ್ದ ದಿನಗಳವು. ಭದ್ರತಾ ಮಂಡಳಿ ಅದೇ ಮಾತಿಗೆ ಒಪ್ಪಿಗೆ ಕೊಟ್ಟದ್ದು ಜುಲೈ 1ಕ್ಕೆ, ಸರಿಯಾಗಿ ನೂರನೇ ದಿನ. ನಿರ್ಣಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರು ಬರಬೇಕೋ ಬೇಡವೋ ಎಂದು ಅಮೆರಿಕ, ಚೀನಾ ಅಷ್ಟು ದಿನ ಜಗ್ಗಾಡಿದವು. ಆ ನೂರು ದಿನದೊಳಗೇ ಲಡಾಖ್‌ನ ಗಾಲ್ವಾನ್‌ನಲ್ಲಿ ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರನ್ನು ಕಳೆದುಕೊಂಡೆವು. ಕಡೆಗೆ ಬಂದ ನಿರ್ಣಯ ಕೇಳಿದ್ದು ಕನಿಷ್ಠ 90 ದಿನದ ವಿರಾಮ. ಅಂಗೀಕಾರವಾದ ದಿನದಿಂದ ಎಣಿಸಿದರೂ ಆ ತೊಂಬತ್ತು ತುಂಬುವ ಮೊದಲೇ, ಸೆಪ್ಟೆಂಬರ್ 27ರಂದು, ಅರ್ಮೇನಿಯಾ, ಅಜರ್‌ಬೈಜಾನ್ ಕಿತ್ತಾಡುತ್ತಿದ್ದ ನಗೋರ್ನೊ–ಕರಬಾಖ್‌ನಲ್ಲಿ ಯುದ್ಧ ಹತ್ತಿಕೊಂಡಿತು.

ಹಾಗೆಂದು ರೋಗಕ್ಕಾಗಿ ಯಾರೂ ಬಂದೂಕು ಇಳಿಸುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. 1985ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಸರ್ಕಾರ, ಬಂಡುಕೋರರು ಇಬ್ಬರೂ ಮಕ್ಕಳ ಲಸಿಕೆಗೆಂದು ಮೂರು ದಿನ ಸುಮ್ಮನಿದ್ದರು. 2024ರ ಆಗಸ್ಟ್‌ನಲ್ಲಿ ಗಾಜಾದ ಹತ್ತು ತಿಂಗಳ ಕೂಸಿಗೆ ಪೋಲಿಯೊ ಇರುವುದು ಖಚಿತವಾಯಿತು. ಮುಂದಿನ ತಿಂಗಳೇ ಮಧ್ಯ ಭಾಗ, ದಕ್ಷಿಣ, ಉತ್ತರ ಎಂದು ಜಾಗ ಗೊತ್ತುಮಾಡಿ, ದಿನಕ್ಕೆ ಇಷ್ಟು ಗಂಟೆ ಎಂದು ದಾಳಿ ತಡೆದು, ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹನಿ ಹಾಕಿದರು. ಸುದ್ದಿ ನೋಡುತ್ತಾ ನನಗೆ ಕಣ್ಣು ತುಂಬಿತು. ನಮ್ಮದೇ ನೀಲಿ ಡಬ್ಬಿ, ನಮ್ಮದೇ ಬೆರಳಿನ ಗುರುತು. ದಿನ, ಜಾಗ, ಗಂಟೆ ಗೊತ್ತಾಗಿದ್ದರಿಂದಲೇ ಅದು ನಡೆಯಿತು.

2021ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರಿಗೆ ಎರಡು ಲಕ್ಷ ಡೋಸ್ ಲಸಿಕೆ ಕೊಟ್ಟ ದೇಶ ನಮ್ಮದು. ಮುಂದಿನ ಪಿಡುಗು ಬರುವ ಮೊದಲೇ, ಇಂಥ ಸಣ್ಣ ಸಣ್ಣ ವಿರಾಮಗಳ ಒಪ್ಪಂದವನ್ನು ಸಿದ್ಧ ಇಡುವಂತೆ ಭಾರತ ಅಲ್ಲಿ ಪಟ್ಟು ಹಿಡಿಯಬೇಕು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಬಿಟ್ಟರೂ ಸಾಕು, ಒಂದು ಡಬ್ಬಿ ಖಾಲಿ ಮಾಡಿ ಬರಬಹುದು.

– ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಹಾನಗಲ್